ಉಪ್ಪುನೀರಿನ ಭರಣಿ

ನಾನು ಒಂದು ಪಿಂಗಾಣಿ ಭರಣಿ. ಭಟ್ಟಿಯ ಬೆಂಕಿಯಲ್ಲಿ ಬೆಂದು ಹೊರಬಂದಾಗ, ನನ್ನ ಹೊಟ್ಟೆಗೆ ಉಪ್ಪಿನಕಾಯಿ ಬೀಳುತ್ತದೆ ಎಂದೇ ತಿಳಿದಿದ್ದೆ. ಗದಗಿನ ಕಡೆಯ ನಾಟಕ ಕಂಪನಿಯೊಂದರ ಅಡುಗೆಮನೆಯಲ್ಲಿ ಎರಡು ವರ್ಷ ಹಾಗೆಯೇ ಕಳೆಯಿತು.

ಆಮೇಲೆ ದೀಪದ ಕೆಲಸದ ಮೌನೇಶಪ್ಪ ನನ್ನನ್ನು ತೊಳೆದು ರಂಗದ ಪಕ್ಕಕ್ಕೆ ಒಯ್ದ. ಉಪ್ಪುನೀರು ತುಂಬಿದ. ತಳದಲ್ಲಿ ಒಂದು ತಗಡು ಇಟ್ಟು, ಇನ್ನೊಂದನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಇಳಿಬಿಟ್ಟ. ಕರೆಂಟು ನನ್ನ ನೀರನ್ನು ಹಾಯ್ದೇ ದೀಪಗಳಿಗೆ ಹೋಗಬೇಕು. ತಗಡುಗಳು ದೂರವಿದ್ದರೆ ನೀರು ಅದನ್ನು ತಡೆಯುತ್ತಿತ್ತು, ರಂಗದ ಮೇಲೆ ಸಂಜೆಯಾಗುತ್ತಿತ್ತು. ಹತ್ತಿರ ತಂದರೆ ಬೆಳಗಾಗುತ್ತಿತ್ತು.

ಸ್ವಿಚ್ಚಿನ ಬಳಿ ನಿಲ್ಲುತ್ತಿದ್ದವಳು ಅವನ ಹೆಂಡತಿ ಗೌರವ್ವ. ಅವಳಿಗೆ ಅವನು ಹೇಳುತ್ತಿದ್ದ: "ಚಿಟಿಕಿ ಉಪ್ಪು ಹೆಚ್ಚಾದ್ರ ಕರೆಂಟ್ ಹೆಚ್ಚು ಹರಿತೈತಿ. ಹಿಡಿ ಹಾಕಿದ್ರ ನೀರ ಕುದಿತೈತಿ. ಕೈ ಹಚ್ಚೂಕಿಂತ ಮೊದಲ ಈ ಬಲ್ಬ್ ಹಿಡದು ನೋಡಬೇಕು." ಎರಡು ತಂತಿ ಕಟ್ಟಿದ ಆ ಪರೀಕ್ಷೆಯ ಬಲ್ಬನ್ನು ಅವನು ಟ್ರಂಕಿನಲ್ಲಿ ಇಡುತ್ತಿದ್ದ.

ಹೊಸ ಊರಿನಲ್ಲಿ ಡೇರೆ ಹಾಕಿದ ದಿನ ಮಾಲೀಕ ಚನಬಸಯ್ಯನವರಿಗೆ ಎಲ್ಲದಕ್ಕೂ ಅವಸರ. ಮೌನೇಶಪ್ಪ ಏಣಿಯ ಮೇಲಿದ್ದಾಗ ತಾವೇ ತಂತಿ ಸಿಕ್ಕಿಸಿದರು. ಕರೆಂಟು ಬರುವ ತಂತಿ, ಹಿಂದಿರುಗುವ ತಂತಿ ಅದಲುಬದಲಾದವು.

ಮೊದಲು ಸ್ವಿಚ್ ಆರಿಸಿದರೆ ಕರೆಂಟು ನನ್ನವರೆಗೆ ಬರುತ್ತಲೇ ಇರಲಿಲ್ಲ. ಈಗ ಅದು ದೀಪಗಳ ಕಡೆಯಿಂದ ಬಂದು, ನನ್ನ ನೀರಿಗೆ ಇಳಿದು, ಆಚೆಯ ಸ್ವಿಚ್ಚಿನ ಬಳಿ ತಡೆದು ನಿಲ್ಲುತ್ತಿತ್ತು. ದೀಪಗಳು ಆರುತ್ತಿದ್ದವು. ನನ್ನ ನೀರು ಮಾತ್ರ ಎಚ್ಚರವಾಗಿಯೇ ಇರುತ್ತಿತ್ತು. ಹೇಳಲು ನನಗೆ ಬಾಯಿದ್ದರೂ ಮಾತಿರಲಿಲ್ಲ. ಯಾರಾದರೂ ಹತ್ತಿರ ಸುಳಿದಾಗಲೆಲ್ಲ, ನೀರಿಗೆ ತಾಗುವುದು ಇವರದೇ ಕೈಯೇನೋ ಎಂದು ಹೆದರುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ತಾಲೀಮು ನಡೆದಿತ್ತು. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು. ನನ್ನ ಮೇಲಿನ ತಗಡು ಓರೆಯಾಗಿ ಸಿಕ್ಕಿಕೊಂಡಿತು.

"ಲಗೂ ಮಾಡೋ! ಎಲ್ಲಾರೂ ನಿಂತಾರ," ಎಂದು ಮಾಲೀಕರು ಕೂಗಿದರು.

"ಗೌರಾ, ಬಂದ್ ಮಾಡಿದೇನು?" ಎಂದು ಮೌನೇಶಪ್ಪ ಕೇಳಿದ.

"ಮಾಡೇನ್ರಿ."

ದೀಪಗಳು ಆರಿದ್ದವು. ಮೌನೇಶಪ್ಪ ಆಚೆ ಬದಿಯ ಟ್ರಂಕಿನ ಕಡೆ ಒಮ್ಮೆ ನೋಡಿದ. ಮಾಲೀಕರು ಮತ್ತೆ ಕೂಗಿದರು. ಅವನು ಬರಿಗಾಲಲ್ಲಿ ನಿಂತು ಕೈಯನ್ನು ನನ್ನೊಳಗೆ ಅದ್ದಿದ. ಅವನಿಗೆ ಕೂಗಲೂ ಆಗಲಿಲ್ಲ.

ಸಂಜೆ ಪೊಲೀಸರೆದುರು ಮಾಲೀಕರು, "ಈಕಿ ಸ್ವಿಚ್ ಬಂದ್ ಮಾಡಿದ್ದಿಲ್ಲ. ಗಂಡನ್ನ ಈಕೀನ ಕೊಂದಂಗಾತು," ಎಂದರು. ಗೌರವ್ವ ಅಳು ನಿಲ್ಲಿಸಿ ಎದ್ದು ಟ್ರಂಕು ತೆರೆದಳು. ಬಲ್ಬಿನ ಒಂದು ತಂತಿಯನ್ನು ನೆಲಕ್ಕೆ ಹೂತ ಕಬ್ಬಿಣದ ಗೂಟಕ್ಕೆ ಸುತ್ತಿದಳು. ಇನ್ನೊಂದನ್ನು ಒಣ ಕೋಲಿಗೆ ಕಟ್ಟಿ ನನ್ನ ಮೇಲೆ ಹಿಡಿದಳು.

"ಸ್ವಿಚ್ ನೋಡ್ರಿ ಸಾಹೇಬ್ರ, ಬಂದ್ ಐತಿ. ದೀಪ ನೋಡ್ರಿ, ಆರ್ಯಾವ. ಈಗ ಇದನ್ನ ನೋಡ್ರಿ."

ತಂತಿ ನೀರಿಗೆ ತಾಗಿತು. ಬಲ್ಬು ಹೊತ್ತಿತು.

"ಈ ತಂತಿ ಹಚ್ಚಿದವರು ಯಾರು ಅಂತ ಕೇಳ್ರಿ," ಎಂದಳು. ಡೇರೆಯಲ್ಲಿದ್ದವರೆಲ್ಲ ಚನಬಸಯ್ಯನವರತ್ತ ತಿರುಗಿದರು.

ಕಂಪನಿ ಬೇರೆಯವರ ಕೈಗೆ ಹೋಯಿತು. ದೀಪದ ಕೆಲಸ ಈಗ ಗೌರವ್ವನದು. ಹೊಸ ಯಂತ್ರ ಬಂದಿದೆ, ಅದಕ್ಕೆ ನೀರೂ ಬೇಡ, ಉಪ್ಪೂ ಬೇಡ. ನಾನು ಪರದೆಗಳ ಹಿಂದೆ ಮೂಲೆಯಲ್ಲಿದ್ದೇನೆ. ಸಾಮಾನು ಸಾಗಿಸುವಾಗ ಅವಳು ನನ್ನ ಮುಂದೆ ಬಂದು ನಿಲ್ಲುತ್ತಾಳೆ. ನನ್ನೊಳಗೆ ನೀರಿಲ್ಲ, ತಂತಿಯಿಲ್ಲ, ಅದು ಅವಳಿಗೂ ಗೊತ್ತು. ಆದರೂ ಸೆರಗನ್ನು ಎರಡು ಮಡಿಕೆ ಮಾಡಿ ಕೈಗೆ ಸುತ್ತಿಕೊಂಡೇ ನನ್ನನ್ನು ಎತ್ತುತ್ತಾಳೆ.