ಖಾಲಿ ಬಿಟ್ಟ ಚೌಕ

ಅರ್ಜಿಯ ಮೂರನೆಯ ಪುಟದ ಕೆಳಗೆ ಉಗುರಿನಷ್ಟು ಅಗಲದ ಒಂದು ಚೌಕವಿತ್ತು. ಪಕ್ಕದಲ್ಲಿ, 'ಶುಲ್ಕಕ್ಕೆ ನೆರವು ಬೇಕಿದ್ದವರು ಗುರುತು ಹಾಕಿರಿ' ಎಂದು ಅಚ್ಚಾಗಿತ್ತು. ನಾನೂ ನೀಲವ್ವನೂ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಉಳಿದೆಲ್ಲವನ್ನೂ ತುಂಬಿ, ಆ ಚೌಕದ ಮುಂದೆ ಪೆನ್ನು ಎತ್ತಿ ಹಿಡಿದು ಸುಮ್ಮನಾದೆವು.

ನೀಲವ್ವ ಶಾಲೆಗೇ ಮೊದಲಿಗಳು, ನಾನು ಎರಡನೆಯವಳು. ಅವಳ ಅಪ್ಪ ಹತ್ತಿ ಗಿರಣಿಯ ಕಾವಲುಗಾರ. ನನ್ನ ಅವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನೆರವಿಲ್ಲದೆ ಕಾಲೇಜು ಇಬ್ಬರಿಗೂ ದೂರದ ಮಾತು. ಆದರೆ ನೆರವು ಕೇಳಿದವರಿಗೆ ಸೀಟೇ ಕೊಡುವುದಿಲ್ಲವೆಂದು ಊರಲ್ಲಿ ಕೆಲವರು ಹೇಳುತ್ತಿದ್ದರು.

"ನೀ ನಾಳೆ ಆ ಕಡೆ ಹೊಂಟೀಯಲ್ಲ, ಕಾಲೇಜಿನ್ಯಾಗ ಕೇಳ್ಕೊಂಡು ಬಾ. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ," ಎಂದಳು ನೀಲವ್ವ.

ಮರುದಿನ ಕಾಲೇಜಿನ ಗುಮಾಸ್ತ ಹಂಪಣ್ಣನವರು ನನ್ನ ಪ್ರಶ್ನೆಗೆ ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ಯಾರವಾ ಹಂಗಂದವ್ರು? ಸೀಟು ಕೊಡೂದು ಮಾರ್ಕ್ಸ್ ನೋಡಿ. ಆ ಗುರುತು ನೋಡೂದು ಸೀಟು ಕೊಟ್ಟ ಮ್ಯಾಲೆ. ಬೇಕಾಗಿದ್ರ ಕೇಳ್ರಿ, ನಾಚಿಕಿ ಯಾಕ?" ನಾನು ಹೊರಡುವಾಗ ಮತ್ತೆ ಕರೆದು ಹೇಳಿದರು: "ಆದ್ರ ನೆರವು ಒಂದು ಶಾಲಿಗೆ ಒಬ್ಬರಿಗಷ್ಟ. ಕೇಳಿದವ್ರೊಳಗ ಯಾರಿಗೆ ಮಾರ್ಕ್ಸ್ ಜಾಸ್ತಿ ಅವರಿಗೆ."

ಆ ಕೊನೆಯ ಮಾತು ದಾರಿಯುದ್ದಕ್ಕೂ ನನ್ನ ಜೊತೆ ನಡೆದು ಬಂತು. ನೀಲವ್ವ ಕಟ್ಟೆಯಲ್ಲೇ ಕಾಯುತ್ತಿದ್ದಳು.

"ಖರೇನ ಅಂತ," ಎಂದೆ. "ಕೇಳಿದ್ರ ಸೀಟು ಹೋಗ್ತದಂತ."

"ಮತ್ತ ನೀ?"

"ನಾನೂ ಖಾಲಿ ಬಿಡ್ತೀನಿ."

ಅವಳು ಚೌಕ ಖಾಲಿ ಬಿಟ್ಟೇ ಅರ್ಜಿ ಮಡಚಿದಳು. ನಾನು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ನನ್ನ ಚೌಕದಲ್ಲಿ ಗುರುತು ಹಾಕಿದೆ.

ಇಬ್ಬರಿಗೂ ಸೀಟು ಸಿಕ್ಕಿತು. ನೀಲವ್ವ ಮುಷ್ಟಿಯಲ್ಲಿ ಸಕ್ಕರೆ ಹಿಡಿದು ಓಡಿ ಬಂದು ನನ್ನ ಬಾಯಿಗೆ ಹಾಕಿದಳು. "ನಿನ್ನ ಮಾತು ಕೇಳಿದ್ದಕ್ಕ ಸಿಕ್ತು ನೋಡ!" ಶುಲ್ಕ ತುಂಬುವ ದಿನ ದಾಟುವವರೆಗೂ ಅವಳ ಅಪ್ಪ ಸಾಲಕ್ಕೆ ಊರೆಲ್ಲ ಅಲೆದರೂ ದುಡ್ಡು ಹೊಂದಲಿಲ್ಲ. ಆಮೇಲೆ ಅವಳು ಗಿರಣಿಯಲ್ಲಿ ಹತ್ತಿ ಆರಿಸಲು ಹೋದಳು. ನನ್ನ ಶುಲ್ಕವನ್ನು ಸೋದರಮಾವ ಕಟ್ಟಿದನೆಂದು ಹೇಳಿದೆ. ಅದನ್ನೂ ನಂಬಿದಳು.

ಮೂವತ್ತು ವರ್ಷ ಕಳೆದವು. ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತ, ಪ್ರವೇಶದ ಉಸ್ತುವಾರಿಯನ್ನೂ ನೋಡುತ್ತಿದ್ದೆ. ಒಂದು ಮಧ್ಯಾಹ್ನ ತಲೆ ನರೆತ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದು ಮೇಜಿನ ಮುಂದೆ ನಿಂತಳು. ನಗು ನೋಡಿ ಗುರುತು ಹತ್ತಿತು, ನೀಲವ್ವ.

ಹುಡುಗಿಯ ಅಂಕಗಳು ಚೆನ್ನಾಗಿದ್ದವು. ಮೂರನೆಯ ಪುಟ ತಿರುವಿದೆ. ಚೌಕ ಖಾಲಿಯಿತ್ತು.

"ಇದನ್ಯಾಕ ಬಿಟ್ಟೀರಿ?"

"ಅಯ್ಯ, ನೀನ ಹೇಳಿದ್ದಿಯಲ್ಲ! ಕೇಳಿದ್ರ ಸೀಟು ಹೋಗ್ತದಂತ. ಮೊದಲು ಸೀಟು ಸಿಗಲಿ, ಮುಂದಿಂದು ಮುಂದ."

ಆಗಲೂ ಒಂದು ದಾರಿಯಿತ್ತು. ನಿಯಮ ಬದಲಾಗಿದೆ ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಅವಳ ಅವ್ವ ಒಂದು ಕಾಲಕ್ಕೆ ನೋಡುತ್ತಿದ್ದ ಹಾಗೆಯೇ.

"ಅದು ಸುಳ್ಳು, ನೀಲವ್ವ," ಎಂದೆ. "ಅವತ್ತೂ ಸುಳ್ಳ. ಒಬ್ಬರಿಗಷ್ಟ ಕೊಡ್ತಿದ್ರು. ನೀ ಕೇಳಿದ್ರ ನಿನಗ ಸಿಗ್ತಿತ್ತು."

ಅವಳು ಅರ್ಜಿಯ ಖಾಲಿ ಚೌಕದ ಮೇಲೆ ಬೆರಳಿಟ್ಟಳು.

"ನೀ ಗುರುತು ಹಾಕಿದ್ದಿಯೇನ?"

"ಹಾಕಿದ್ದೆ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಎತ್ತಿ ಮಗಳ ಕೈಗೆ ಕೊಟ್ಟು, "ಹಾಕವಾ," ಎಂದಳು. ಹುಡುಗಿ ಗುರುತು ಹಾಕಿದಳು. ಆಮೇಲೆ ನೀಲವ್ವ ನನ್ನ ಕಡೆ ತಿರುಗಿದಳು.

"ನನ್ನ ಮಾತು ಬಿಡು. ಗಿರಣಿಯೊಳಗ ಯಾರ ಮಗಳು ಕಾಲೇಜಿಗೆ ಹೋಗ್ತೀನಂದ್ರೂ, ಸೀಟು ಸಿಕ್ಕಾಕಿ ಅಂತ ನನ್ನ ಹಂತೇಲೇ ಕೇಳಾಕ ಬರತಿದ್ರು. ನಾ ಎಲ್ಲಾರಿಗೂ ಚೌಕ ಖಾಲಿ ಬಿಡ್ರಿ ಅಂತನ ಹೇಳೀನಿ."

ಅವಳು ಕುರ್ಚಿಯಲ್ಲಿ ಕುಳಿತು, ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿಗೆ ಇಟ್ಟಳು. "ಶಾಂತವ್ವನ ಮಗಳು ರೇಣುಕಾ," ಎಂದಳು. "ದ್ಯಾಮವ್ವನ ಹಿರೇಮಗಳು..." ಒಂದೊಂದು ಹೆಸರಿಗೂ ಹೆಬ್ಬೆರಳು ಒಂದೊಂದು ಗೆಣ್ಣು ಮೇಲೇರುತ್ತಿತ್ತು. ಆ ಕೈಯ ಗೆಣ್ಣುಗಳೆಲ್ಲ ಮುಗಿದವು. ನೀಲವ್ವ ಇನ್ನೊಂದು ಕೈಯನ್ನು ಸೆರಗಿನಿಂದ ಮೆಲ್ಲಗೆ ಹೊರತೆಗೆದಳು.