ಹಿಂಪುಟದ ಹನ್ನೊಂದನೇ ಕಾರ್ಯಕ್ರಮ

ನಮ್ಮ ಮನೆಯಲ್ಲಿ ಹನ್ನೆರಡು ಪಿಂಗಾಣಿ ಕಪ್ಪುಗಳ ಒಂದು ಸೆಟ್ಟಿದೆ. ನೆಂಟರು ಬಂದರೆ ಅದು ಹೊರಗೆ ಬರುವುದಿಲ್ಲ, ಅವರಿಗೆ ಸ್ಟೀಲ್ ಲೋಟವೇ ಸಾಕು. ಅಕ್ಕ ಗಂಡನ ಮನೆಯಿಂದ ಬ್ಯಾಗು ಹಿಡಿದು ಬಂದಾಗ ಮಾತ್ರ ಅಮ್ಮ ಸ್ಟೂಲು ಹತ್ತಿ ಆ ಕಪ್ಪುಗಳನ್ನು ಇಳಿಸುತ್ತಾಳೆ. ಏಕೆಂದರೆ ಅಕ್ಕ ಬಂದಳೆಂದರೆ ಅದೇ ವಾರದೊಳಗೆ ಎರಡೂ ಕಡೆಯ ಹಿರಿಯರು ಸೇರಿ ಕೂತು ಮಾತಾಡುತ್ತಾರೆ.

ಈ "ಕೂತು ಮಾತಾಡೋದು" ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಹೆಂಡತಿಗೆ ಹೊಡೆದ ವಿಷಯ ಪೊಲೀಸರವರೆಗೆ ಹೋಗದೆ, ಡಾಕ್ಟರ ಚೀಟಿಯಲ್ಲಿ ಬರದೆ, ಪಕ್ಕದ ಮನೆಯವರ ಕಿವಿಗೂ ಬೀಳದೆ ಮುಗಿದುಹೋಗಲಿ ಎಂದು ನಮ್ಮಂಥ ಮರ್ಯಾದಸ್ಥರು ಕಂಡುಕೊಂಡಿರುವ ಪದ್ಧತಿ ಅದು. ದೊಡ್ಡಪ್ಪ ಕೂರುತ್ತಾರೆ, ಅಪ್ಪ ಕೂರುತ್ತಾರೆ, ಭಾವ ಕೂರುತ್ತಾರೆ, ಭಾವನ ತಾಯಿ ಸೊಂಟ ನೋವೆಂದು ಒಳ್ಳೆಯ ಕುರ್ಚಿ ನೋಡಿ ಕೂರುತ್ತಾರೆ. ಕೂರದವಳು ಅಕ್ಕ ಒಬ್ಬಳೇ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರಬೇಕು, ಯಾರಿಗಾದರೂ ಇನ್ನೊಂದು ಕಪ್ಪು ಚಹಾ ಬೇಕಾದೀತು. ಕೊನೆಗೆ ದೊಡ್ಡಪ್ಪ, "ತಪ್ಪಾಯ್ತು ಅಂದುಬಿಡು ಮಗಳೇ, ಯಾರ ತಪ್ಪು ಅಂತ ಇಲ್ಲಿ ಯಾರೂ ಕೇಳಲ್ಲ" ಎನ್ನುತ್ತಾರೆ. ಅಕ್ಕ ಹಾಗೇ ಅನ್ನುತ್ತಾಳೆ. ಆಮೇಲೆ ಬ್ಯಾಗು ಮೆಟ್ಟಿಲು ಇಳಿಯುತ್ತದೆ.

ಹೀಗೆ ನಾಲ್ಕು ಸಲ ಆಗಿತ್ತು. ಮೂರನೇ ಸಲ ಆ ಬ್ಯಾಗನ್ನು ಇಳಿಸಿಕೊಟ್ಟವಳು ನಾನೇ. ಜಿಪ್ಪು ಸಿಕ್ಕಿಹಾಕಿಕೊಂಡಿತ್ತು, ಅದನ್ನೂ ಸರಿಮಾಡಿ ಕೊಟ್ಟೆ. ಬೇರೆಯವರನ್ನು ಬೈಯುವ ಮುಂಚೆ ಇದನ್ನು ಹೇಳಿಬಿಡಬೇಕು.

ಇನ್ನು ಭಾವನ ವಿಷಯ. ನಮ್ಮ ನಗರದಲ್ಲಿ ಅವರನ್ನು ಅರಿಯದವರಿಲ್ಲ. ಬಾಡಿಗೆದಾರರ ಸಭೆ, ಕಸ ಗುಡಿಸುವವರಿಗೆ ಕೈಗವಸು ಕೊಡಿ ಎಂಬ ಧರಣಿ, ಗಾಲಿಕುರ್ಚಿಯವರೂ ಹತ್ತುವಂತೆ ಬಸ್ಸು ಮಾಡಿ ಎಂಬ ಮನವಿ, ಯಾವುದೇ ಇರಲಿ, ಮೈಕು ಅವರ ಕೈಗೇ ಬರುತ್ತದೆ. ಇವನ್ನೆಲ್ಲ ನಡೆಸುವ ವೇದಿಕೆಗೆ ಅವರು ಅಧ್ಯಕ್ಷರು. ಹೆಣ್ಣುಮಕ್ಕಳ ಮೇಲಿನ ಹಿಂಸೆಯ ಬಗ್ಗೆ ಅವರು ಮಾತಿಗೆ ನಿಂತರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕನ ಮದುವೆಗೆ ಮುಂಚೆ ನಾನೂ ಒರೆಸಿಕೊಂಡಿದ್ದೆ.

ಆ ವೇದಿಕೆಯಲ್ಲಿ ನನಗೆ ಕೆಲಸ ಕೊಡಿಸಿದವರೂ ಅವರೇ. ಊರಿನಲ್ಲಿ ಮುಂದಿನ ಏಳು ದಿನಗಳಲ್ಲಿ ಎಲ್ಲೆಲ್ಲಿ ಸಭೆ, ಎಲ್ಲೆಲ್ಲಿ ಮೆರವಣಿಗೆ, ಎಷ್ಟು ಗಂಟೆಗೆ, ಯಾರು ಮಾತಾಡುತ್ತಾರೆ ಎಂದು ಪ್ರತಿ ಶುಕ್ರವಾರ ಒಂದು ಹಾಳೆ ಅಚ್ಚಾಗುತ್ತದೆ. ಗ್ರಂಥಾಲಯಗಳಲ್ಲಿ, ಚಹಾದಂಗಡಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಅದನ್ನು ಅಂಟಿಸುತ್ತಾರೆ. ಆ ಹಾಳೆಯನ್ನು ಸಿದ್ಧಮಾಡುವವಳು ನಾನು. ಗುರುವಾರ ಮಧ್ಯಾಹ್ನ ಅಧ್ಯಕ್ಷರು ಪ್ರೂಫಿಗೆ ಸಹಿ ಹಾಕಿದ ಮೇಲೆಯೇ ಅದು ಪ್ರೆಸ್ಸಿಗೆ ಹೋಗಬೇಕು.

ಐದನೇ ಸಲ ಅಕ್ಕ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ತಲೆಗೆ ವಸ್ತ್ರ ಸುತ್ತಿಕೊಂಡಿದ್ದಳು. ನಾನು ಎಡಗಡೆ ನಿಂತು "ತಿಂಡಿ ತಿಂದ್ಯಾ?" ಎಂದು ಎರಡು ಸಲ ಕೇಳಿದರೂ ತಿರುಗಲಿಲ್ಲ. ಮೊದಲು ಕೋಪವಿರಬೇಕು ಅಂದುಕೊಂಡೆ. ಬಲಗಡೆಗೆ ಬಂದು ಕೇಳಿದ ಮೇಲೆ ತಿರುಗಿದಳು. ಕಿವಿಯ ತಮಟೆ ಹರಿದಿದೆ ಎಂದು ಡಾಕ್ಟರು ಹೇಳಿದ್ದರಂತೆ. ಹೇಗಾಯಿತೆಂದು ಕೇಳಿದ್ದಕ್ಕೆ ಅಕ್ಕ "ಬಾಗಿಲು ತಾಗಿತು" ಎಂದಿದ್ದಳು, ಅವರು ಹಾಗೇ ಬರೆದುಕೊಂಡಿದ್ದರು. ನಡೆದದ್ದು ಇಷ್ಟೇ. ಭಾವ ಭಾಷಣದ ಅಭ್ಯಾಸ ಮಾಡುತ್ತಿದ್ದಾಗ ಅಕ್ಕ ಒಳಗೆ ಹೋಗಿ "ಊಟ ಆರಿಹೋಗುತ್ತೆ" ಅಂದಿದ್ದಳು.

ಅಪ್ಪ ಅದೇ ದಿನ ಫೋನು ಮಾಡಿದರು. "ಭಾನುವಾರ ನಾಲ್ಕು ಗಂಟೆಗೆ ಬನ್ನಿ. ಕೂತು ಮಾತಾಡೋಣ." ಫೋನು ಇಟ್ಟವರ ಮುಖದಲ್ಲಿ ಒಂದು ಕೆಲಸ ಮುಗಿಸಿದ ನೆಮ್ಮದಿ ಇತ್ತು.

"ಅಪ್ಪ, ಅವಳಿಗೆ ಒಂದು ಕಿವಿ ಕೇಳಿಸ್ತಿಲ್ಲ," ಎಂದೆ.

"ಇನ್ನೊಂದು ಕೇಳಿಸುತ್ತಲ್ಲ." ಕ್ರೂರವಾಗಿ ಹೇಳಿದ್ದಲ್ಲ, ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದು. ಕ್ರೂರವಾಗಿ ಹೇಳಿದ್ದರೆ ಜಗಳಕ್ಕಾದರೂ ಬೀಳಬಹುದಿತ್ತು.

"ಸ್ಟೇಷನ್ನಿಗೆ ಹೋಗಿ ದೂರು ಕೊಡೋಣ."

"ಕೊಟ್ಟು? ನಾಲ್ಕು ಜನರ ಬಾಯಿಗೆ ಬೀಳೋದಾ? ನಿನ್ನ ಮದುವೆ ಇನ್ನೂ ಆಗಬೇಕು, ನೆನಪಿರಲಿ."

ಸಂಜೆ ದೊಡ್ಡಪ್ಪ ಬಂದರು. ಅಪ್ಪನಿಗೆ ಧೈರ್ಯ ತುಂಬುವ ಕೆಲಸ ಯಾವಾಗಲೂ ಅವರದು. "ಒಳ್ಳೆ ಮನುಷ್ಯ ಕಣಮ್ಮ ಅವನು. ಊರಿಗೆಲ್ಲ ಒದ್ದಾಡ್ತಾನೆ. ಅಷ್ಟು ತಲೆಬಿಸಿ ಇರೋ ಗಂಡಸು ಮನೇಲಿ ಒಂದೇಟು ಹಾಕಿದ್ರೆ ಅದನ್ನ ರಾಮಾಯಣ ಮಾಡ್ಕೊಂಡು ಕೂರಬಾರದು. ಮುಂದಿನ ಶನಿವಾರ ಮಹಿಳಾ ಸುರಕ್ಷತೆ ಜಾಥಾ ಇದೆ. ಹೆಂಡತಿ ಪಕ್ಕದಲ್ಲಿ ಕಾಣದಿದ್ರೆ ಜನ ಏನಂತಾರೆ?"

"ದೊಡ್ಡಪ್ಪ, ನಾಲ್ಕು ಸಲ ಕೂತು ಮಾತಾಡಿದ್ರಿ. ಆಮೇಲೆ ಹೊಡೆತ ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ? ಮೊದಲನೇ ಸಲ ಕೆನ್ನೆ, ಎರಡನೇ ಸಲ ಮಣಿಕಟ್ಟು. ಈಗ ಕಿವಿ. ಹೊಡೆದ್ರೆ ನೀವು ಚಹಾ ಕುಡಿದು ವಾಪಸ್ ಕಳಿಸ್ತೀರಿ ಅಂತ ಅವರಿಗೆ ಗೊತ್ತಾಗಿದೆ. ಇನ್ನೇಕೆ ನಿಲ್ಲಿಸ್ತಾರೆ?"

"ಕೂತು ಮಾತಾಡದೆ ಎಷ್ಟು ಮನೆ ಒಡೆದಿದೆ ಗೊತ್ತಾ ನಿನಗೆ?"

"ಇಲ್ಲಿ ಒಡೆದಿರೋದು ಕಿವಿ. ಅದನ್ನ ಯಾಕೆ ಯಾರೂ ಲೆಕ್ಕಕ್ಕೆ ಇಟ್ಟಿಲ್ಲ?"

"ಬಾಯಿ ಜೋರಾಗಿದೆ ಇದಕ್ಕೆ," ಎಂದು ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. ಅಲ್ಲಿಗೆ ಆ ಮಾತು ಮುಗಿಯಿತು. ಅಕ್ಕನನ್ನು ಕಳಿಸುವುದು ಭಾನುವಾರಕ್ಕೆ ಮುಂಚೆಯೇ ತೀರ್ಮಾನವಾಗಿತ್ತು.

ಆವತ್ತು ನನಗೆ ಬೇಕೆನಿಸಿದ್ದು ಸುಧಾರಣೆಯಲ್ಲ. ನನಗೆ ಸೇಡು ಬೇಕಿತ್ತು. ಆ ಮನುಷ್ಯ ಯಾವ ಜನರ ಚಪ್ಪಾಳೆಯಲ್ಲಿ ಬದುಕಿದ್ದಾನೋ ಅದೇ ಜನರ ಮುಂದೆ ಅವನ ಮುಖ ಕಪ್ಪಿಡುವುದನ್ನು ಕಣ್ಣಾರೆ ನೋಡಬೇಕಿತ್ತು. ಇದಕ್ಕೆ ಒಳ್ಳೆಯ ಹೆಸರು ಕೊಡುವ ಮನಸ್ಸು ನನಗಿಲ್ಲ. ನಾನು ಓದಿದವಳು, ತಿಳಿದವಳು, ಆದರೂ ಆ ಮೂರು ದಿನ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ವಾರದ ಹಾಳೆಯಲ್ಲಿ ಹತ್ತು ಕಾರ್ಯಕ್ರಮಗಳಿದ್ದವು. ಬುಧವಾರ ಹಿಂಪುಟದ ಕೊನೆಯಲ್ಲಿ ಹನ್ನೊಂದನೆಯದನ್ನು ಸೇರಿಸಿದೆ. "ಭಾನುವಾರ, ಸಂಜೆ ನಾಲ್ಕು. ಮನೆಯೊಳಗಿನ ಹಿಂಸೆ: ಬಹಿರಂಗ ವಿಚಾರಣೆ. ಮಾತನಾಡುವವರು: ಒಬ್ಬ ಸಂತ್ರಸ್ತ ಮಹಿಳೆ. ಎಲ್ಲರಿಗೂ ಸ್ವಾಗತ." ಕೆಳಗೆ ನಮ್ಮ ಮನೆಯ ನಂಬರು, ಅಡ್ಡರಸ್ತೆ, ಎರಡನೇ ಮಹಡಿ. ನಮ್ಮ ಮನೆಗೆ ನಾನು ಜನರನ್ನು ಕರೆದರೆ ಯಾರಪ್ಪನ ಗಂಟು ಹೋಗುತ್ತದೆ?

ಆದರೆ ಅಕ್ಕನನ್ನು ಕೇಳದೆ ಅಚ್ಚು ಹಾಕಿಸಿದರೆ ನನಗೂ ದೊಡ್ಡಪ್ಪನಿಗೂ ಏನು ವ್ಯತ್ಯಾಸ? ಕಾಗದ ತಂದು ಅವಳ ಮುಂದಿಟ್ಟೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಓದಿದಳು, ಮತ್ತೆ ಓದಿದಳು. ಆಮೇಲೆ ನನ್ನ ಪೆನ್ನು ಕಿತ್ತುಕೊಂಡು "ಸಂತ್ರಸ್ತ ಮಹಿಳೆ" ಎಂಬುದನ್ನು ಹೊಡೆದುಹಾಕಿದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ.

"ಸಂತ್ರಸ್ತ ಮಹಿಳೆ ಅಂದ್ರೆ ಯಾರೋ ಅನ್ಸುತ್ತೆ ಕಣೇ. ಹೆಂಡತಿ ಅಂತ ಹಾಕು."

"ಯಾರ ಹೆಂಡತಿ ಅಂತ ಕೇಳ್ತಾರಕ್ಕ."

"ಕೇಳ್ಲಿ. ಬಂದು ಕೇಳ್ಲಿ."

"ಹೆದರಿಕೆ ಆಗಲ್ವಾ?"

"ಆಗುತ್ತೆ. ಆ ಮನೆಗೆ ವಾಪಸ್ ಹೋಗೋಕೆ ಇದಕ್ಕಿಂತ ಜಾಸ್ತಿ ಆಗುತ್ತೆ," ಎಂದು ದಿಂಬಿನ ಚೀಲವನ್ನು ಮಡಿಸಿ ಪಕ್ಕಕ್ಕಿಟ್ಟಳು.

ಇನ್ನು ಉಳಿದದ್ದು ಸಹಿ. ಭಾವ ಪ್ರೂಫು ನೋಡುವ ರೀತಿ ಮೂರು ವರ್ಷದಿಂದ ನನಗೆ ಗೊತ್ತು. ಅವರು ಹುಡುಕುವುದು ತಮ್ಮ ಹೆಸರನ್ನು ಮಾತ್ರ. ಅಕ್ಷರ ದಪ್ಪಗಿದೆಯೇ, ಹಿಂದೆ "ಮಾನ್ಯ" ಎಂದಿದೆಯೇ, ಫೋಟೋದಲ್ಲಿ ಗಲ್ಲ ಎರಡಾಗಿ ಕಾಣುತ್ತಿದೆಯೇ. ಹೆಸರು ಸರಿಯಿದ್ದ ದಿನ ಮಾತ್ರ ಖುಷಿಗೆ ಪುಟ ತಿರುಗಿಸುತ್ತಾರೆ. ಅದಕ್ಕೇ ಆ ಗುರುವಾರ ಮುಂಪುಟದಲ್ಲಿ ಮುಂಗಡವಾಗಿ ಹಾಕುತ್ತಿದ್ದ ಜಾಥಾ ಸುದ್ದಿಯಲ್ಲಿ ಅವರ "ಮಾನ್ಯ"ವನ್ನು ಬೇಕೆಂದೇ ತೆಗೆದುಹಾಕಿದೆ.

"ಏನಮ್ಮ ಇದು? ಎಷ್ಟು ಸಲ ಹೇಳಬೇಕು? ನನಗಾಗಿ ಅಲ್ಲ, ಆ ಸ್ಥಾನಕ್ಕೆ ಒಂದು ಗೌರವ ಇರುತ್ತೆ." ಕೆಂಪು ಪೆನ್ನಿನಿಂದ "ಮಾನ್ಯ" ಬರೆದರು, ಕೆಳಗೆ ಎರಡು ಗೆರೆ ಎಳೆದರು, ಅದೇ ಸಿಟ್ಟಿನಲ್ಲಿ ಸಹಿ ಹಾಕಿದರು. ಕಾಗದ ಹಿಂದೆ ಕೊಡುವಾಗ ದನಿ ಮೆತ್ತಗಾಯಿತು. "ಭಾನುವಾರ ಮನೇಲಿರ್ತೀಯ ತಾನೆ? ನಿಮ್ಮಕ್ಕನಿಗೆ ಸ್ವಲ್ಪ ಬುದ್ಧಿ ಹೇಳು."

"ಇರ್ತೀನಿ ಭಾವ," ಎಂದೆ. ಶುಕ್ರವಾರ ಹಾಳೆ ಅಚ್ಚಾಗಿ ಊರಿಡೀ ಅಂಟಿತು, ಅದರಲ್ಲೂ ಭಾವ ನೋಡಿದ್ದು "ಮಾನ್ಯ"ವನ್ನಷ್ಟೇ.

ಭಾನುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಹಿರಿಯರೆಲ್ಲ ಕೂತಾಗಿತ್ತು. ಅಮ್ಮ ಕಪ್ಪುಗಳಿಗೆ ಚಹಾ ಬಗ್ಗಿಸುತ್ತಿದ್ದಳು, ಅಕ್ಕ ಬಾಗಿಲಲ್ಲಿದ್ದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು "ಸಂಸಾರ ಅಂದ ಮೇಲೆ" ಎಂದು ಶುರುಮಾಡುವಷ್ಟರಲ್ಲಿ ಬೆಲ್ಲು ಬಡಿಯಿತು.

ಬಂದವರು ಹಾಜರಿ ಅಜ್ಜಿ. ನಿವೃತ್ತ ಶಾಲಾ ಮೇಡಂ. ಊರಿನ ಒಂದು ಸಭೆಯನ್ನೂ ತಪ್ಪಿಸುವುದಿಲ್ಲ, ಕೂರಲು ಜಾಗ ಸಿಗದೆಂದು ಮಡಿಸುವ ಸ್ಟೂಲನ್ನು ಜೊತೆಗೇ ತರುತ್ತಾರೆ. "ವಿಚಾರಣೆ ಇಲ್ಲೇ ಅಲ್ವೇನಮ್ಮ? ಮೆಟ್ಟಿಲು ಜಾಸ್ತಿ ಆಯ್ತು," ಎಂದು ಏದುಸಿರು ಬಿಡುತ್ತಾ ಒಳಗೆ ಬಂದರು. ಅವರ ಹಿಂದೆ ಮನೆಗೆಲಸದವರ ಸಂಘದ ಅಧ್ಯಕ್ಷೆ ಮತ್ತು ಅವಳ ಹತ್ತು ಹನ್ನೆರಡು ಹೆಂಗಸರು, ಅವರ ಹಿಂದೆ ಬಾಡಿಗೆದಾರರು, ಬಸ್ ಡ್ರೈವರುಗಳು, ಕಾಲೇಜು ಹುಡುಗಿಯರು. ಬಾಗಿಲ ಹೊರಗೆ ಚಪ್ಪಲಿಗಳು ಕೆಳಗಿನ ಮಹಡಿಯವರೆಗೂ ಇಳಿದವು.

ಆಗ ಭಾವ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಜನ ಕಂಡದ್ದೇ ತಡ, ಅಭ್ಯಾಸಬಲದಿಂದ ಎದ್ದು ನಿಂತು, ಕೈ ಮುಗಿದು, "ಬನ್ನಿ, ಬನ್ನಿ, ಒಳಗೆ ಬನ್ನಿ" ಎಂದುಬಿಟ್ಟರು! ಅವರು ಎದ್ದ ಕುರ್ಚಿ ಖಾಲಿಯಾಯಿತು. ಅಕ್ಕ ಬಾಗಿಲಿನಿಂದ ನಡೆದು ಬಂದು ಅದರಲ್ಲಿ ಕೂತಳು.

"ಯಾರು ಕರೆದರು ಇವರನ್ನೆಲ್ಲ? ಇದು ನಮ್ಮ ಮನೆ ವಿಷಯ!" ದೊಡ್ಡಪ್ಪ ಕಿರುಚಿದರು.

ಅಜ್ಜಿ ಕನ್ನಡಕ ಏರಿಸಿ ಹಾಳೆಯನ್ನು ಬಿಡಿಸಿ ಗಟ್ಟಿಯಾಗಿ ಓದಿದರು. "ಮಾತನಾಡುವವರು, ಹೆಂಡತಿ. ಎಲ್ಲರಿಗೂ ಸ್ವಾಗತ ಅಂತಿದೆಯಲ್ಲ ಸ್ವಾಮಿ?"

ಭಾವನ ಮುಖದ ಬಣ್ಣ ಇಳಿಯಿತು. ಆದರೂ ನಗಲು ನೋಡಿದರು. "ಕ್ಷಮಿಸಬೇಕು, ಇದು ಅಚ್ಚಿನ ತಪ್ಪು."

"ಅಚ್ಚಿನ ತಪ್ಪಲ್ಲ ಭಾವ. ನಾನು ಮೂರು ಸಲ ತಿದ್ದಿ ನೋಡಿದೀನಿ. ಕೆಳಗೆ ನಿಮ್ಮ ಸಹಿ ಇದೆ." ಪ್ರೂಫನ್ನು ಅಜ್ಜಿಯ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಗಿ ಮೆಟ್ಟಿಲಲ್ಲಿ ನಿಂತವರವರೆಗೂ ತಲುಪಿತು.

ಅಕ್ಕ ಭಾಷಣ ಮಾಡಲಿಲ್ಲ. ಅವಳಿಗೆ ಬರುವುದೂ ಇಲ್ಲ. "ನನಗೆ ಈ ಕಡೆ ಕೇಳಿಸಲ್ಲ, ಪ್ರಶ್ನೆ ಇದ್ರೆ ಬಲಗಡೆ ಬಂದು ಕೇಳಿ," ಎಂದು ಶುರುಮಾಡಿದಳು. ಯಾವ ವರ್ಷ, ಯಾವ ಕೋಣೆ, ಯಾವ ಕೈ, ಆಮೇಲೆ ಡಾಕ್ಟರಿಗೆ ಹೇಳಿದ ಸುಳ್ಳೇನು ಎಂದು ಒಂದೊಂದಾಗಿ ಹೇಳಿದಳು. ಅವಳ ಅತ್ತೆ "ಬಾಯಿ ಮುಚ್ಚೇ" ಎಂದರು. ಅಕ್ಕ ಅವರ ಕಡೆ ಎಡಗಿವಿ ತಿರುಗಿಸಿ ಮುಂದುವರಿಸಿದಳು. ಕೊನೆಗೆ ಅಪ್ಪನನ್ನು ನೋಡಿದಳು.

"ಅಪ್ಪ, ನನಗೆ ಹೊಡೆದವರು ಒಬ್ಬರೇ. ಹೊಡೆಸಿಕೊಳ್ಳೋಕೆ ವಾಪಸ್ ಕಳಿಸಿದವರು ನೀವೆಲ್ಲ."

ಅಪ್ಪ ಮುಂದಿದ್ದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಅಮ್ಮ ಅಡುಗೆಮನೆಯಲ್ಲಿ ಬಿಕ್ಕುತ್ತಿದ್ದಳು. ನನಗೆ ಅಯ್ಯೋ ಅನಿಸಬೇಕಿತ್ತು, ಅನಿಸಲಿಲ್ಲ.

"ಸೋದರ ಸೋದರಿಯರೇ," ಎಂದು ಭಾವ ವೇದಿಕೆಯ ದನಿ ತೆಗೆದರು, "ಶನಿವಾರ ಜಾಥಾ ಇದೆ. ಇಂಥ ಸಮಯದಲ್ಲಿ ಚಳವಳಿಗೆ ಕೆಟ್ಟ ಹೆಸರು ತರೋ ಪ್ರಯತ್ನ..."

ಮನೆಗೆಲಸದವರ ಸಂಘದ ಅಧ್ಯಕ್ಷೆ ಮಾತನ್ನು ತುಂಡರಿಸಿದಳು. "ಜಾಥಾ ನಡೆಯುತ್ತೆ ಸಾರ್. ನೀವು ಇರಲ್ಲ, ಅಷ್ಟೇ." ಆಮೇಲೆ ಎಲ್ಲರ ಕಡೆ ತಿರುಗಿ, "ಕೂತು ಮಾತಾಡಿದ್ದು ಸಾಕು. ಏಳಿ, ಸ್ಟೇಷನ್ನು ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ. ಅಜ್ಜಿ, ನೀವು ನಿಧಾನಕ್ಕೆ ಬನ್ನಿ," ಎಂದಳು.

ನಲವತ್ತಮೂರು ಜನ ಅಕ್ಕನ ಹಿಂದೆ ಮೆಟ್ಟಿಲಿಳಿದರು. ದೂರು ಬರೆದುಕೊಳ್ಳಲು ಮೊದಲು ಹಿಂದೆಮುಂದೆ ನೋಡಿದ ಪೊಲೀಸಪ್ಪ, ಹೊರಗಿನ ಸಾಲು ನೋಡಿ ಹೊಸ ಪೆನ್ನು ತೆಗೆದನಂತೆ. ನಾನು ಮಾತ್ರ ಮನೆಯಲ್ಲೇ ಉಳಿದಿದ್ದೆ, ಬೇಕೆಂದೇ. ಭಾವ ಬಾಗಿಲಲ್ಲಿ ಮಂಡಿಯೂರಿ ತಮ್ಮ ಬೂಟು ಹುಡುಕುತ್ತಿದ್ದರು. ಒಂದು ಸಿಕ್ಕಿತ್ತು. ಇನ್ನೊಂದು ಜನರ ಕಾಲಿಗೆ ಸಿಕ್ಕಿ ಎಲ್ಲೋ ಕೆಳಗೆ ಉರುಳಿತ್ತು. ಅದು ಎಲ್ಲಿದೆಯೆಂದು ನನಗೆ ಕಾಣುತ್ತಿತ್ತು, ಹೇಳಲಿಲ್ಲ. ಅವರು ಒಂದೇ ಬೂಟಿನಲ್ಲಿ ಕುಂಟುತ್ತಾ ಇಳಿದು ಹೋದದ್ದನ್ನು ಮೆಟ್ಟಿಲ ಕಂಬಿ ಹಿಡಿದು ಕೊನೆಯ ಮೆಟ್ಟಿಲವರೆಗೂ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಆರೋಗ್ಯದ ಕಾರಣಕ್ಕೆ ರಾಜೀನಾಮೆ ಎಂದು ಅವರು ಬರೆದು ಕಳಿಸಿದರು. ಅದನ್ನು ನಮ್ಮಲ್ಲಿರುವ ಅತಿ ಸಣ್ಣ ಅಕ್ಷರದಲ್ಲಿ ಹಾಕಿದೆ. ಜಾಥಾದ ದಿನ ಅಕ್ಕ ಬರಲಿಲ್ಲ, ಕಿವಿಯ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದಳು. ಕೇಳಿಸುವುದೋ ಇಲ್ಲವೋ ಇನ್ನೂ ಹೇಳಲಾಗದಂತೆ. ಅಪ್ಪ ದಿನಾ ಹೋಗಿ ಅವಳ ಮಂಚದ ಪಕ್ಕ ನಿಲ್ಲುತ್ತಾರೆ. ಕ್ಷಮಿಸುವುದು ಬಿಡುವುದು ಅವಳ ಇಷ್ಟ. ನಾನಂತೂ ಕ್ಷಮಿಸಿಲ್ಲ, ನನ್ನನ್ನೂ ಸೇರಿಸಿ.

ಇದನ್ನು ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಈ ಭಾನುವಾರ ಯಾವುದೋ ಮನೆಯಲ್ಲಿ ಹಿರಿಯರು ಕೂತು ಮಾತಾಡಲಿದ್ದಾರೆ. ಯಾವಳೋ ಒಬ್ಬಳು ಬಾಗಿಲಲ್ಲಿ ನಿಲ್ಲಲಿದ್ದಾಳೆ. ನಿಮಗೆ ಗೊತ್ತಿದೆ, ಗೊತ್ತಿಲ್ಲವೆಂದು ನನ್ನ ಮುಂದೆ ನಟಿಸಬೇಡಿ. ಮೊದಲು ಅವಳನ್ನು ಕೇಳಿ. ಅವಳು ಹೂಂ ಅಂದರೆ ಸಮಯ, ವಿಳಾಸ ಬರೆದು ಗುರುವಾರ ಮಧ್ಯಾಹ್ನದೊಳಗೆ ನನಗೆ ಮುಟ್ಟಿಸಿ. ಈಗ ಅಧ್ಯಕ್ಷರಿಲ್ಲ, ಯಾರ ಸಹಿಗೂ ಕಾಯಬೇಕಾಗಿಲ್ಲ.