ಏಣಿ ಮನೆಯ ಅರವತ್ತು ಕೆಲಸಗಾರರು

ಮುಗಿಲಣ್ಣ ಮಾಡಿದ ಏಣಿ ಹತ್ತಿ ಸುಣ್ಣ ಬಳಿಯಲು ಹೋದ ಒಬ್ಬ ಬ್ರಹ್ಮಚಾರಿ ಕೆಳಗಿಳಿದು ಬರುವಷ್ಟರಲ್ಲಿ ಮೂರು ಮೊಮ್ಮಕ್ಕಳ ತಾತನಾಗಿದ್ದ. ಅಷ್ಟು ಎತ್ತರದ ಏಣಿ. ನಡುವೆ ಎರಡು ಕಡೆ ಮೋಡ ಪಕ್ಕಕ್ಕೆ ಸರಿಸಿಕೊಂಡು ಹತ್ತಬೇಕಾಯಿತಂತೆ. ನಂಬದವರು ಬಂದು ಆ ಮೋಡಗಳನ್ನೇ ಕೇಳಬಹುದು.

ಮುಗಿಲಣ್ಣ ಎನ್ನುವುದು ಊರಿಟ್ಟ ಹೆಸರು. ಅವನ ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಉದ್ದ ಕೋಣೆ. ಗೋಡೆಗೆ ಒರಗಿಸಿದ ಮರಗಳು, ಪಾದ ಹೂತುಹೋಗುವಷ್ಟು ಮರದ ಪುಡಿ, ಬಾಗಿಲ ಬಳಿ ಅಂಟಿನ ಡಬ್ಬಿ. ಎರಡು ಉದ್ದ ಮರಗಳಿಗೆ ಕೈಬೈರಿಗೆಯಿಂದ ಒಂದೊಂದೇ ತೂತು ಕೊರೆದು, ಮೆಟ್ಟಿಲ ಕೋಲು ಕೂರಿಸಿ ಬಿಗಿಯಬೇಕು. ಒಂದು ತೂತು ಕೂದಲೆಳೆಯಷ್ಟು ಓರೆಯಾದರೂ ಏಣಿ ಕುಂಟುತ್ತದೆ. ಮುಗಿಲಣ್ಣನ ಏಣಿ ಕುಂಟಿದ್ದನ್ನು ಕಂಡವರಿಲ್ಲ. ಅವನ ಬಡಾಯಿಯೆಲ್ಲ ಬಾಯಿಗೆ, ಕೈಗೆ ಅಂಟಿರಲಿಲ್ಲ. ಬಣ್ಣದವರು, ಕರೆಂಟಿನವರು ಹುಡುಕಿಕೊಂಡು ಬರುತ್ತಿದ್ದರು. ಆದರೆ ದಿನಕ್ಕೆ ಎರಡು ಏಣಿ ಎದ್ದರೆ ಹೆಚ್ಚು. ಬಂದವರಲ್ಲಿ ಅರ್ಧ ಜನ ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದರು.

ಅವನ ಕೊರಗು ಅದಲ್ಲ. ತಂಗಿಯದು. ಮರಗೆಲಸದಲ್ಲಿ ಅವಳು ಅಣ್ಣನಿಗಿಂತ ಒಂದು ಕೈ ಮೇಲೆ. ಆದರೂ ದಿನಕ್ಕೆರಡು ಏಣಿಯಲ್ಲಿ ಅವಳಿಗೂ ಕೂಲಿ ಹುಟ್ಟದೆ, ಊರಲ್ಲಿ ಬೇರೆ ಕೆಲಸವೂ ಇಲ್ಲದೆ ದೂರದ ಪಟ್ಟಣದ ರಟ್ಟಿನ ಡಬ್ಬಿ ಕಾರ್ಖಾನೆ ಸೇರಿದ್ದಳು. ಗಂಡ ಲಾರಿ ಓಡಿಸುವವನು, ರಸ್ತೆಯೇ ಅವನ ಮನೆ. ಅವಳು ಸೋಮವಾರ ಹೋದರೆ ಶನಿವಾರ ಸಂಜೆಯೇ ಮುಖ ಕಾಣುವುದು. ಮೂರು ವರ್ಷದ ಮಗಳು ಅತ್ತಿಗೆಯ ಮಡಿಲಲ್ಲಿ ಬೆಳೆಯುತ್ತಿದ್ದಳು. ಒಂದು ಶನಿವಾರ ಅಮ್ಮ ಒಳಗೆ ಕಾಲಿಟ್ಟಾಗ ಮಗು ಎದ್ದು ನಿಂತು, ನೆಂಟರಿಗೆ ಹೇಳುವಂತೆ, "ಬನ್ನಿ, ಕೂತ್ಕೊಳ್ಳಿ" ಎಂದಿತು. ಎಲ್ಲರೂ ನಕ್ಕರು. ತಂಗಿ ಮಾತ್ರ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಒಳಗೆ ಬಂದವಳು, ಮಗು ಶಾಲೆ ಸೇರುವ ಹೊತ್ತಿಗೆ ಅದನ್ನೂ ಕರೆದುಕೊಂಡು ಪಟ್ಟಣದಲ್ಲೇ ಉಳಿದುಬಿಡುತ್ತೇನೆ ಎಂದಳು. ಮುಗಿಲಣ್ಣನಿಗೆ ಆ ದಿನ ಬಡಾಯಿ ಕೊಚ್ಚಲು ಬಾಯಿ ಬರಲಿಲ್ಲ. ಅವನ ಬದುಕಿನಲ್ಲಿ ಅದೇ ಮೊದಲು.

ಸಣ್ಣದಾಗಿ ಏನಾದರೂ ತಯಾರಿಸುವವರು ಯಂತ್ರ ಕೊಂಡು, ಊರಿನವರನ್ನೇ ಕೆಲಸಕ್ಕೆ ಸೇರಿಸಿಕೊಂಡರೆ ಸರ್ಕಾರ ಸಹಾಯಧನ ಕೊಡುತ್ತದೆ ಎಂಬ ಸುದ್ದಿ ತಂದವಳು ಅವನ ಹೆಂಡತಿ. ಅಂಚೆ ಕಚೇರಿಯ ಗೋಡೆಯ ಮೇಲೆ ಓದಿ ಬಂದಿದ್ದಳು.

"ಅದೆಲ್ಲ ದೊಡ್ಡವರಿಗೆ ಕಣೇ" ಎಂದ ಮುಗಿಲಣ್ಣ. "ನಮ್ಮಂಥವರ ಅರ್ಜಿಯಲ್ಲಿ ಕಡಲೆಕಾಯಿ ಕಟ್ತಾರೆ."

"ಕಟ್ಟಿದ್ರೆ ಕಡಲೆಕಾಯಿನಾದ್ರೂ ತಿನ್ನೋಣ. ಕೈಗಾರಿಕಾ ಕಚೇರಿಗೆ ಹೋಗಿ ಕೇಳ್ಕೊಂಡು ಬನ್ನಿ."

ಹೋದ. ಕೇಳಲಿಲ್ಲ. ಫಾರಂ ತಂದು ಯಾರಿಗೂ ತೋರಿಸದೆ ತುಂಬಿದ. ಉಂಡವನಿಗೇ ಮತ್ತೆ ಬಡಿಸುವ ಕಾಲವಿದು, ಚಿಕ್ಕವನೆಂದರೆ ಯಾರು ತಿರುಗಿ ನೋಡುತ್ತಾರೆ ಎಂಬುದು ಅವನ ಲೆಕ್ಕಾಚಾರ. ಕೆಲಸಗಾರರು ಎಷ್ಟು ಎಂದಲ್ಲಿ ಅರವತ್ತು ಎಂದು ಬರೆದ. ದಿನಕ್ಕೆ ಏಣಿ ಎಷ್ಟು ಎಂದಲ್ಲಿ ಮುನ್ನೂರು.

ಕೆಲವು ದಿನಗಳಲ್ಲಿ, ಸ್ಥಳ ನೋಡಲು ಅಧಿಕಾರಿ ಬರುತ್ತಾರೆ ಎಂಬ ಕಾಗದ ಬಂತು. ಮುಗಿಲಣ್ಣ ಬೀದಿಯನ್ನೇ ಬಾಚಿ ತಂದು ಕೋಣೆಗೆ ತುಂಬಿದ. ನಾಲ್ಕು ಜನ ನಿಂತರೆ ಮೊಣಕೈ ತಾಗುವ ಕಡೆ ಇಪ್ಪತ್ತು ಜನ. ಉಳಿದ ನಲವತ್ತು ಜನ ಊಟಕ್ಕೆ ಹೋಗಿದ್ದಾರೆ ಎನ್ನಬೇಕೆಂದು ಮೊದಲೇ ಮಾತಾಗಿತ್ತು. ಬಂದವರು ನಡುವಯಸ್ಸಿನ ಹೆಂಗಸು, ಕೈಯಲ್ಲೊಂದು ಕಡತ. ಕ್ಷೌರದವನು ಮೆಟ್ಟಿಲ ಕೋಲಿಗೆ ಮದುಮಗನ ಗಲ್ಲಕ್ಕೆ ಕತ್ತಿ ಆಡಿಸುವಷ್ಟು ನಯವಾಗಿ ಮರಳು ಕಾಗದ ಉಜ್ಜುತ್ತಿದ್ದ. ದರ್ಜಿ ಏಣಿಗೆ ಟೇಪು ಹಿಡಿದು, ಅಭ್ಯಾಸಬಲದಿಂದ, "ಎದೆ ಮೂವತ್ತಾರು" ಎಂದ.

ಅಧಿಕಾರಿ ನಗಲಿಲ್ಲ. ಮರದ ದಿಮ್ಮಿಯ ಮೇಲೆ ಕುಳಿತು ಪೆನ್ನು ಮುಚ್ಚಿದರು.

"ಅಣ್ಣಾ, ಅರವತ್ತು ಜನ ಇದ್ರೆ ಈ ಯೋಜನೆ ನಿಮಗಲ್ಲ. ಇದು ಚಿಕ್ಕವರಿಗೆ. ಮೂರು ಜನ ದುಡಿಯೋ ಕಡೆ ಇನ್ನೂ ಮೂರು ಜನಕ್ಕೆ ಕೆಲಸ ಸಿಗಲಿ ಅಂತ ಮಾಡಿರೋದು. ಅರ್ಜಿ ವಾಪಸ್ ತಗೊಳ್ಳಿ."

ಕೋಣೆಯಲ್ಲಿ ಉಜ್ಜುವ ಸದ್ದು ನಿಂತಿತು. ಮುಗಿಲಣ್ಣ ಹೆಂಡತಿಯ ಕಡೆ ನೋಡಿದ. ಅವಳ ಸೊಂಟದ ಮೇಲೆ ತಂಗಿಯ ಮಗು ನಿದ್ದೆ ಹೋಗಿತ್ತು. ತಾನು ಚಿಕ್ಕವನೆಂದು ಜನ್ಮದಲ್ಲಿ ಒಪ್ಪಿದವನಲ್ಲ. ಆ ಮಾತು ಗಂಟಲಿಂದ ಹೊರಡಲು, ಬಾವಿಯಿಂದ ಆನೆ ಎತ್ತಿದಷ್ಟು ಹೊತ್ತು ಹಿಡಿಯಿತು.

"ನಾವು ಮೂರೇ ಜನ ಅಮ್ಮಾ. ನಾನು, ಇವಳು, ಬೆನ್ನು ಸರಿಯಿದ್ದ ದಿನ ನಮ್ಮಪ್ಪ. ದಿನಕ್ಕೆ ಎರಡು ಏಣಿ. ಕೆಲಸ ಬಲ್ಲ ತಂಗಿ ಒಬ್ಬಳಿದ್ದಾಳೆ. ಅವಳ ಕೈಗೆ ಕೊಡೋಕೆ ನನ್ನ ಹತ್ರ ಕೂಲಿ ಇಲ್ಲ."

ದರ್ಜಿ ಸದ್ದಿಲ್ಲದೆ ಟೇಪು ಸುತ್ತಿಕೊಂಡ.

"ಇದನ್ನೇ ಬರೀರಿ" ಎಂದರು ಆಕೆ. "ಇಂಥವರನ್ನ ಹುಡುಕಿಕೊಂಡೇ ನಾವು ಬರೋದು."

ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಗದರಿಸಿ, ಹೊಸ ಫಾರಂ ಕೊಟ್ಟರು. ಮಂಜೂರಾಗುವ ಮೊದಲೇ ಯಂತ್ರ ಕೊಂಡುಬಿಡಬೇಡಿ, ಬೆಲೆಪಟ್ಟಿ ತಂದು ತೋರಿಸಿ, ನಡುವೆ ದಲ್ಲಾಳಿಗೆ ಜಾಗ ಕೊಡಬೇಡಿ ಎಂದು ಬಿಡಿಸಿ ಹೇಳಿದರು. ಇದು ಸಾಲವೇ ಎಂದು ಹೆಂಡತಿ ಎರಡು ಸಲ ಕೇಳಿದಳು. ಸಾಲವಲ್ಲ, ಯಂತ್ರದ ಬೆಲೆಯಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ನಿಮ್ಮದು, ಹೇಳಿದ ಹಾಗೆ ಕೆಲಸ ನಡೆಸಿದರೆ ತಿರುಗಿಸಬೇಕಿಲ್ಲ ಎಂದು ಆಕೆಯೂ ಎರಡು ಸಲ ಹೇಳಿದರು. ಮುಗಿಲಣ್ಣ ಮೂರು ಎಂದು ಬರೆದ. ಬರೆದದ್ದೇನೋ ಮೂರು, ಆದರೆ ಅಕ್ಷರ ಮಾತ್ರ ಕಾಗದದ ಅರ್ಧ ನುಂಗುವಷ್ಟು ದೊಡ್ಡದು.

ಮಂಜೂರಾಯಿತು. ಒಂದೇ ಸಲಕ್ಕೆ ಎರಡೂ ಮರಗಳಿಗೆ ನೇರ ತೂತು ಕೊರೆಯುವ ಯಂತ್ರ ಬಂತು. ತಂಗಿ ಪಟ್ಟಣದ ಕೆಲಸ ಬಿಟ್ಟು ಅದರ ಮುಂದೆ ನಿಂತಳು. ಮುಗಿಲಣ್ಣ ಕಚೇರಿಗೆ ಹೋಗಿ, ಹೇಳಲು ಕಟ್ಟಿಕೊಂಡಿದ್ದ ದೊಡ್ಡ ಭಾಷಣವನ್ನೆಲ್ಲ ಮರೆತು, "ಉಪಕಾರ ಆಯ್ತಮ್ಮ" ಎಂದಷ್ಟೇ ಅಂದ. ಅದು ನಾನು ಕೊಟ್ಟದ್ದಲ್ಲ, ತೆರಿಗೆ ಕಟ್ಟಿದ ಜನರದು, ಅವರಿಗೆ ಹೇಳಿ ಎಂದರು ಆಕೆ. ಅವನು ಮಾತು ಅಕ್ಷರಶಃ ಹಿಡಿದ. ಬೀದಿಯ ಒಂದೊಂದೇ ಅಂಗಡಿಗೆ ಹೋಗಿ ಉಪಕಾರ ಆಯ್ತು ಎಂದು ಹೇಳಿ ಬಂದ. ಕ್ಷೌರದವನು ಅವನಿಗೆ ಪುಕ್ಕಟೆ ಕ್ಷೌರ ಮಾಡಿ ಕಳಿಸಿದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ನಿಮ್ಮ ಮನೆಯಲ್ಲೋ ಸಣ್ಣ ಕೋಣೆಯಲ್ಲೋ ಏನಾದರೂ ತಯಾರಿಸುತ್ತಿದ್ದರೆ, ಹತ್ತಿರದ ಕೈಗಾರಿಕಾ ಕಚೇರಿಗೆ ಹೋಗಿ. ನಿಮಗೆ ಯಾವ ಯೋಜನೆ ಇದೆ, ಅದರ ನಿಯಮವೇನು ಎಂದು ಬಾಯಿಬಿಟ್ಟು ಕೇಳಿ. ಚಿಕ್ಕವರೆಂದು ನಾಚಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಈ ಕತೆ ಬರೆದವರ ಹಾಗೆ. ಇಂದು ಆ ಏಣಿ ಮನೆಯಲ್ಲಿ ಇನ್ನೂರು ಜನ ದುಡಿಯುತ್ತಿದ್ದಾರೆ.

ಅಚ್ಚಿಗೆ ಹೋಗುವ ಮೊದಲು ಮುಗಿಲಣ್ಣನ ತಂಗಿ ಇದನ್ನು ಓದಿದಳು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಇನ್ನೂರನ್ನು ಹೊಡೆದುಹಾಕಿ, ಬರೆದವರ ಮುಖವನ್ನೇ ನೋಡುತ್ತಾ ನಿಂತಳು. ಸರಿ, ಒಪ್ಪಿಕೊಳ್ಳಬೇಕು. ಏಳು ಜನ. ಏಳೇ. ಸಂಜೆ ಕೆಲಸ ಮುಗಿದರೆ ಏಳೂ ಜನ ನಡೆದೇ ಮನೆ ಸೇರುತ್ತಾರೆ.